ಬಳೇಪೇಟೆಯಲ್ಲಿ ಕಿವಿಗೊಟ್ಟು

ಬಳೇಪೇಟೆಗೆ ಹೋಗೋದಾದ್ರೆ ಕಾರಂತೂ ಬೇಡ, ಬೈಕೂ ಬೇಡ. ಮೆಟ್ರೋದ ಹಸಿರು ಲೈನ್ ಹಿಡಿದು ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳೀರಿ. ನೆಲದಡಿಯ ತಂಪಿನಿಂದ ಎಸ್ಕಲೇಟರ್ ಹತ್ತಿ ಮೇಲೆ ಬಂದ ಕೂಡಲೇ ನಿಮ್ಮನ್ನ ಮೊದಲು ಮುಟ್ಟೋದು ಸದ್ದು. "ದಾರಿ ಬಿಡ್ರೀ" ಅಂತ ಕೂಗುತ್ತಾ ಮೂಟೆ ಹೊತ್ತು ಬರುವ ಕೂಲಿಗಳು, ಇರೋ ಎರಡಡಿ ಜಾಗದಲ್ಲೇ ನುಗ್ಗುವ ಸ್ಕೂಟರುಗಳು, ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿ ಎಲ್ಲ ಬೆರೆಸಿ ನಡೆಯುವ ಚೌಕಾಸಿ. ಆಫೀಸಿನಲ್ಲಿ ನನ್ನನ್ನು ಕಾಪಾಡುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು ಇಲ್ಲಿ ಏನೂ ಕೆಲಸಕ್ಕೆ ಬರಲ್ಲ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯ ಲೆಕ್ಕ ಸರಳ. ಅಕ್ಕಿಯವರದ್ದು ಅಕ್ಕಿಪೇಟೆ, ಅರಳೆಯವರದ್ದು ಅರಳೆಪೇಟೆ, ಬಳೆಯವರದ್ದು ಬಳೇಪೇಟೆ. ಬಳೆ ಅಂಗಡಿಗಳು ಈಗಲೂ ಇವೆ. ಆದರೆ ಬೆಂಗಳೂರಿನ ಸಂಗೀತದವರಿಗೆ ಬಳೇಪೇಟೆ ಅಂದ್ರೆ ವಾದ್ಯ. ವೀಣೆ, ಮೃದಂಗ, ತಬಲಾ, ಹಾರ್ಮೋನಿಯಂ, ಕೊಳಲು, ಶ್ರುತಿಪೆಟ್ಟಿಗೆ. ಅಂಗಡಿಯ ಬಾಗಿಲಲ್ಲಿ ಎರಡು ನಿಮಿಷ ನಿಂತರೆ ಸಾಕು, ಒಳಗೆ ಯಾರೋ ಸುತ್ತಿಗೆಯಲ್ಲಿ ಮೃದಂಗದ ಅಂಚು ಬಡಿದು ಶ್ರುತಿ ಸೇರಿಸುತ್ತಿರುತ್ತಾರೆ.

ಅಂಥದ್ದೇ ಒಂದು ಅಂಗಡಿಯಲ್ಲಿ ಹೋದ ತಿಂಗಳು ಅಕ್ಕನ ಜೊತೆ ನಿಂತಿದ್ದೆ. ಅಪ್ಪನ ಹಳೇ ತಂಬೂರಿ ರಿಪೇರಿಗೆ ಕೊಟ್ಟಿದ್ದೆವು. ಅಂಗಡಿಯ ಹಿರಿಯರು ತಂತಿ ಮೀಟಿದರು. ಸದ್ದೇನೋ ಬಂತು, ಆದರೆ ಸಪ್ಪೆ. ಆಮೇಲೆ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ಹತ್ತಿಯ ದಾರ ಇಟ್ಟು ಸ್ವಲ್ಪ ಆಚೆ ಈಚೆ ಸರಿಸಿ ಮತ್ತೆ ಮೀಟಿದರು. ಇಡೀ ಅಂಗಡಿ ಝೇಂಕರಿಸಿತು. "ಇದು ಜೀವಾಳ ಸಾರ್. ದಾರ ಸರಿಯಾಗಿ ಕೂತಿಲ್ಲ ಅಂದ್ರೆ ತಂತಿ ಎಷ್ಟು ಚೆನ್ನಾಗಿದ್ರೂ ಅಷ್ಟೇ."

ಅಕ್ಕ ನನ್ನ ಮುಖ ನೋಡಿದಳು. ಯಾಕಂದ್ರೆ ಡಾಕ್ಟರು ಅವಳಿಗೆ ಒಂದು ವಾರದ ಹಿಂದೆ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು, ಕಿವಿಯ ಬಗ್ಗೆ.

ಅವಳ ಮಗಳಿಗೆ ಈಗ ಒಂದೂವರೆ ವರ್ಷ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಓಎಇ ಅನ್ನೋ ಶ್ರವಣ ಪರೀಕ್ಷೆ ಮಾಡಿ "ಪಾಸ್" ಅಂತ ಬರೆದು ಕಳಿಸಿದ್ದರು. ವರ್ಷ ತುಂಬಿದರೂ ಕುಕ್ಕರ್ ಕೂಗಿದರೆ ತಿರುಗಿ ನೋಡಲ್ಲ, ಹೆಸರು ಕರೆದರೆ ಇಲ್ಲವೇ ಇಲ್ಲ. ಬೆರಾ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಗೆರೆ ಚಪ್ಪಟೆ.

ಹಾಗಾದ್ರೆ ಮೊದಲು ಪಾಸ್ ಆದದ್ದು ಹೇಗೆ? ಒಳಗಿವಿಯ ಶಂಖದಂಥ ಕಾಕ್ಲಿಯಾದಲ್ಲಿ ರೋಮಕೋಶಗಳು ಸಾಲಾಗಿ ಕೂತಿರುತ್ತವೆ. ಹೊರಸಾಲಿನವು ಸದ್ದಿಗೆ ಕುಣಿದು ತಾವೇ ಒಂದು ಸಣ್ಣ ಪ್ರತಿಧ್ವನಿ ಹೊರಡಿಸುತ್ತವೆ. ಓಎಇ ಹಿಡಿಯೋದು ಅದನ್ನು ಮಾತ್ರ. ಒಳಸಾಲಿನ ಕೋಶಗಳು ಸದ್ದನ್ನು ನರಕ್ಕೆ ದಾಟಿಸಬೇಕು. ಆ ದಾಟಿಸುವ ಕೆಲಸಕ್ಕೆ ಒಟೊಫೆರ್ಲಿನ್ ಅನ್ನೋ ಪ್ರೊಟೀನ್ ಬೇಕು. ಅದನ್ನು ಮಾಡುವ ಒಟಿಒಎಫ್ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಕೋಶ ಇದೆ, ನರ ಇದೆ, ಸುದ್ದಿ ಮಾತ್ರ ದಾಟಲ್ಲ. ಬೆರಾ ನೋಡೋದು ನರದಿಂದ ಮಿದುಳಿನ ಕಡೆ ಸಂಕೇತ ಹೋಯ್ತಾ ಅಂತ. ಹೊಸ ಅಪ್ಪ ಅಮ್ಮಂದಿರು ಇದನ್ನ ಓದ್ತಿದ್ರೆ ಇಷ್ಟು ನೆನಪಿರಲಿ: ಓಎಇ ಪಾಸ್ ಆಗಿದ್ದರೂ ಮಗು ಸದ್ದಿಗೆ ತಿರುಗದಿದ್ದರೆ ಬೆರಾ ಕೇಳಿ ಮಾಡಿಸಿ.

ಪುಟ್ಟಿಯ ಜೀನ್ ರಿಪೋರ್ಟಿನಲ್ಲಿ ಬಂದದ್ದು ಒಟಿಒಎಫ್. ಅಕ್ಕ ಮದುವೆಯಾದದ್ದು ನಮ್ಮ ಸೋದರತ್ತೆಯ ಮಗನನ್ನ. ಅಕ್ಕ, ಭಾವ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ, ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತೆ. ಮಗುವಿಗೆ ಎರಡೂ ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗ್ರಹಣದಲ್ಲಿ ಹೊರಗೆ ಹೋಗಿದ್ದಳು, ಫೋನ್ ಜಾಸ್ತಿ ನೋಡಿದಳು ಅಂತೆಲ್ಲ ನೆಂಟರು ಅಕ್ಕನ ತಲೆ ತಿಂದಿದ್ದರು. ರಿಪೋರ್ಟ್ ಬಂದ ಮೇಲೆ ಆ ಬಾಯಿಗಳಾದರೂ ಮುಚ್ಚಿದವು.

ತಂಬೂರಿ ತಯಾರಾಗೋಕೆ ಇನ್ನೂ ಒಂದು ಗಂಟೆ. ಬಳೇಪೇಟೆ ಮುಖ್ಯರಸ್ತೆಯ ಉಡುಪಿ ಶ್ರೀಕೃಷ್ಣ ಭವನಕ್ಕೆ ಹೋದ್ವಿ. ಇಲ್ಲಿಯ ಸಾಗು ಮಸಾಲೆ ದೋಸೆಗಾಗಿಯೇ ಮೆಟ್ರೋ ಹತ್ತಿ ಬರುವವರಿದ್ದಾರೆ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು. ಅಕ್ಕ ದೋಸೆ ಮುರಿಯುತ್ತಾ ಕೇಳಿದಳು, "ಚೀನಾದಲ್ಲಿ ಇಂಜೆಕ್ಷನ್ ಕೊಟ್ಟು ಕಿವಿ ಕೇಳ್ಸಿದ್ರಂತಲ್ಲೋ, ಅದು ನಿಜಾನಾ?"

ನಿಜ. ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ಕಣ್ಣು-ಕಿವಿ ಆಸ್ಪತ್ರೆಯಲ್ಲಿ ಇದೇ ಜೀನ್ ಕೆಟ್ಟಿದ್ದ ಆರು ಮಕ್ಕಳಿಗೆ ಕೊಟ್ಟರು, ಐವರಿಗೆ ಕೇಳಿಸಿತು. 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2025ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂದ ಇನ್ನೊಂದು ವರದಿಯಲ್ಲಿ 1ರಿಂದ 24 ವರ್ಷದ ಹತ್ತು ಜನ. ಮೊದಲು ಸರಾಸರಿ 106 ಡೆಸಿಬಲ್ ಸದ್ದಿದ್ದರೆ ಮಾತ್ರ ಕೇಳುತ್ತಿದ್ದವರಿಗೆ ಆಮೇಲೆ 52 ಸಾಕಾಯಿತು. ನಾವಿಬ್ಬರೂ ಟೇಬಲ್ಲಿನಲ್ಲಿ ಆಡ್ತಿದ್ದ ಮಾತು ಸುಮಾರು 60 ಇರಬಹುದು.

"ಹೆಂಗೆ ಕಳಿಸ್ತಾರೆ ಒಳಗೆ?"

ಕಿಟಕಿಯಾಚೆ ಕೂಲಿಯೊಬ್ಬ ತಲೆ ಮೇಲೆ ಮೂಟೆ ಹೊತ್ತು ಹೋಗ್ತಿದ್ದ. ಅವನನ್ನೇ ತೋರಿಸಿದೆ. ಎಎವಿ ಅಂತ ಒಂದು ಪುಟಾಣಿ ವೈರಸ್, 25 ನ್ಯಾನೋಮೀಟರ್. 1965ರಲ್ಲಿ ಬೇರೆ ವೈರಸ್ಸಿನ ಜೊತೆ ಕಲಬೆರಕೆಯಾಗಿ ಸಿಕ್ಕಿದ್ದು; ಮನುಷ್ಯರಿಗೆ ಅದರಿಂದ ರೋಗ ಬಂದದ್ದು ಕಂಡಿಲ್ಲ. ಅದರ ಸ್ವಂತ ಸಾಮಾನು ತೆಗೆದುಹಾಕಿ ನಮ್ಮ ಜೀನ್ ತುಂಬಿ, ಕಾಕ್ಲಿಯಾದ ಸಣ್ಣ ಪೊರೆಯ ಮೂಲಕ ಒಳಗೆ ಬಿಡ್ತಾರೆ. ಸರಿಯಾದ ಕೋಶದ ಬಾಗಿಲು ತಟ್ಟೋದು ಅದಕ್ಕೆ ಗೊತ್ತು. ತೊಂದರೆ ತೂಕದ್ದು. ಎಎವಿ ಹೊರೋದು ಸುಮಾರು 4,700 ಅಕ್ಷರ, ಒಟೊಫೆರ್ಲಿನ್ ಬರೆಯೋಕೆ ಬೇಕಾದದ್ದು ಸುಮಾರು 6,000. ನಮ್ಮ ನೆಟ್‌ವರ್ಕ್ ಟೀಮಿನವರು ಕೇಳಿದ್ರೆ ತಕ್ಷಣ ಹೇಳ್ತಾರೆ, ಪ್ಯಾಕೆಟ್ ಒಡೀರಿ. ಇವರೂ ಅದನ್ನೇ ಮಾಡಿದ್ದು. ಅರ್ಧ ಜೀನ್ ಒಬ್ಬ ಕೂಲಿಯ ತಲೆ ಮೇಲೆ, ಇನ್ನರ್ಧ ಇನ್ನೊಬ್ಬನ ತಲೆ ಮೇಲೆ. ಇಬ್ಬರೂ ಒಂದೇ ಮನೆ ಸೇರಬೇಕು, ಒಳಗೆ ಹೋಗಿ ಎರಡೂ ಅರ್ಧ ಸರಿಯಾಗಿ ಕೂಡಿಕೊಳ್ಳಬೇಕು.

ಈ ಕೂಡಿಸುವ ವಿದ್ಯೆಗೆ ಬೆಂಗಳೂರಿನ ಒಂದು ನಂಟಿದೆ, ನನಗೆ ಓದಿ ರೋಮಾಂಚನವಾಯ್ತು. ಎರಡು ಎಎವಿಗಳ ಸರಕನ್ನು ಜೋಡಿಸುವ 'ಹೈಬ್ರಿಡ್' ವಿಧಾನದ ಬಗ್ಗೆ 2008ರಲ್ಲಿ ಮಾಲಿಕ್ಯುಲರ್ ಥೆರಪಿ ಪತ್ರಿಕೆಯಲ್ಲಿ ಬಂದ ಲೇಖನದ ಮೊದಲ ಲೇಖಕ ಅರ್ಕಶುಭ್ರ ಘೋಷ್. ಆಗ ಅವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಡಾಂಗ್‌ಶೆಂಗ್ ಡುಆನ್ ಅವರ ಲ್ಯಾಬಿನಲ್ಲಿದ್ದರು. ಅಲ್ಲಿಯ ಮುಖ್ಯ ಚಿಂತೆ ಸ್ನಾಯು ಕ್ಷಯಿಸುವ ಕಾಯಿಲೆ. ಆಮೇಲೆ ಇಲ್ಲಿಗೆ ಬಂದು ನಾರಾಯಣ ನೇತ್ರಾಲಯದ ಗ್ರೋ ಸಂಶೋಧನಾ ಲ್ಯಾಬ್ ನಡೆಸಿದವರು, ಬೊಮ್ಮಸಂದ್ರದಲ್ಲಿ. ನಮ್ಮ ಹುಡುಗರು ಎಲೆಕ್ಟ್ರಾನಿಕ್ ಸಿಟಿ ಟ್ರಾಫಿಕ್ ಬೈಕೊಂಡು ದಾಟಿ ಹೋಗೋ ಊರು.

ಕಣ್ಣಿನಲ್ಲಿ ಈ ವಿದ್ಯೆ ಮೊದಲೇ ಗೆದ್ದಿದೆ. ಅಕ್ಷಿಪಟಲಕ್ಕೆ ಎಎವಿಯಲ್ಲಿ ಜೀನ್ ಕಳಿಸುವ ಲಕ್ಸ್‌ಟರ್ನಾಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಎರಡೂ ಕಣ್ಣಿಗೆ ಬೆಲೆ ಎಂಟೂವರೆ ಲಕ್ಷ ಡಾಲರ್! ಬಳೇಪೇಟೆಯಲ್ಲಿ ಚೌಕಾಸಿ ಮಾಡಿ ಬೆಳೆದವರಿಗೆ ಇದಕ್ಕೆ ಏನು ಹೇಳೋದು ಅಂತಲೇ ತಿಳಿಯಲ್ಲ.

"ಹಂಗಾದ್ರೆ ಕಾಯೋಣ್ವಾ?" ಅಂದಳು ಅಕ್ಕ. ಅವಳು ಇಷ್ಟು ದೂರ ಬಂದದ್ದು ಈ ಒಂದು ಪ್ರಶ್ನೆಗೇ. ಭಾವನಿಗೆ ಕಾಯುವ ಆಸೆ. ಇಂಪ್ಲಾಂಟ್ ಹಾಕಿಸಿದ್ರೆ ಕಾಕ್ಲಿಯಾದೊಳಗೆ ತಂತಿ ಹೋಗುತ್ತೆ, ನಾಳೆ ಜೀನ್ ಚಿಕಿತ್ಸೆ ಬಂದರೆ ಕಿವಿ ಕೆಟ್ಟಿರುತ್ತೆ ಅನ್ನೋ ಭಯ.

ನನ್ನ ಉತ್ತರ ಬೇಡ ಅನ್ನೋದೇ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ 2023ರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ಇದೇ ಚಿಕಿತ್ಸೆ ಆಯ್ತು. ಅವನಿಗೆ ಕೇಳಿಸಿತು. ಆದರೆ ಮಾತು ಕಲಿಯೋದು ಅವನಿಗೆ ಆಗದೇ ಹೋಗಬಹುದು ಅಂತ ಡಾಕ್ಟರುಗಳೇ ಹೇಳಿದರು. ಮಿದುಳು ಭಾಷೆಯನ್ನು ಸುಲಭವಾಗಿ ಹಿಡಿಯೋದು ಮೊದಲ ಐದಾರು ವರ್ಷ. ಆ ವರ್ಷಗಳನ್ನು ಯಾವ ವೈರಸ್ಸೂ ವಾಪಸ್ ತಂದುಕೊಡಲ್ಲ. ಅಷ್ಟೇ ಅಲ್ಲ, ಒಮ್ಮೆ ಎಎವಿ ಒಳಗೆ ಹೋದರೆ ದೇಹ ಅದರ ಗುರುತು ಹಿಡಿದುಕೊಳ್ಳುತ್ತೆ, ಎರಡನೇ ಸಲ ಕೊಡೋದು ಕಷ್ಟ. ರೋಲ್‌ಬ್ಯಾಕ್ ಇಲ್ಲದ ರಿಲೀಸ್ ಇದು. ಪುಟ್ಟಿಗೆ ಪೇಟೆಯ ಗಲಾಟೆ ಬೇಕಾಗಿರೋದು ಈಗ. ಶಾಂಘೈಯ ಮಕ್ಕಳಲ್ಲೂ ಕೆಲವರಿಗೆ ಆಗಲೇ ಒಂದು ಕಿವಿಯಲ್ಲಿ ಇಂಪ್ಲಾಂಟ್ ಇತ್ತು, ಜೀನ್ ಕೊಟ್ಟದ್ದು ಇನ್ನೊಂದು ಕಿವಿಗೆ. ಒಂದು ದಾರಿ ಹಿಡಿದರೆ ಇನ್ನೊಂದು ಮುಚ್ಚಲೇಬೇಕು ಅಂತಿಲ್ಲ.

ಅಕ್ಕ ಕಾಫಿ ಪೂರ್ತಿ ಕುಡಿಯೋವರೆಗೂ ಮಾತಾಡಲಿಲ್ಲ. ಕೊನೆಗೆ "ಬಲಗಿವಿಗೆ ಹಾಕ್ಸೋಣ" ಅಂದಳು. ಎಡಗಿವಿಗೂ ಹಾಕಿಸಿದರೆ ಸದ್ದು ಯಾವ ಕಡೆಯಿಂದ ಬಂತು ಅಂತ ಮಗುವಿಗೆ ಚೆನ್ನಾಗಿ ತಿಳಿಯುತ್ತೆ ಅಂತಾರೆ ಡಾಕ್ಟರು. ಹಾಗೇ ಬಿಡಬೇಕಾ, ಹಾಕಿಸಬೇಕಾ, ಆ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಅಲ್ಲಿಂದ ಬಳೆ ಅಂಗಡಿ. ಪುಟ್ಟಿಯ ಕಿವಿ ಚುಚ್ಚೋ ಶಾಸ್ತ್ರಕ್ಕೆ ಕೆಂಪು, ಹಸಿರು ಗಾಜಿನ ಬಳೆ ಬೇಕಿತ್ತು. ಅಂಗಡಿಯವರು ಅಳತೆ ಕೇಳಿದರು. ಅಕ್ಕ ಅಳತೆಗೆ ತಂದಿದ್ದ ಹಳೇ ಕರಿ ಬಳೆ ಮುಂದಿಟ್ಟು, "ಸದ್ದು ಜಾಸ್ತಿ ಬರೋವು ಕೊಡಿ" ಅಂದಳು. ಅವರು ನಾಲ್ಕು ಥರದ್ದು ತೆಗೆದು ಒಂದೊಂದಾಗಿ ಕಿವಿ ಹತ್ತಿರ ಆಡಿಸಿ ತೋರಿಸಿದರು. ಸಣ್ಣ ಗೆಜ್ಜೆ ಕಟ್ಟಿದ ಲೋಹದ್ದೊಂದು ಜೊತೆಯೂ ಬಂತು. ಸರ್ಜರಿಯಾಗಿ, ಗಾಯ ಮಾಗಿ, ಯಂತ್ರ ಸ್ವಿಚ್ ಆನ್ ಮಾಡೋಕೆ ಮೂರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಕೈ ದಪ್ಪಗಾದರೆ ಅಂತ ಅಕ್ಕನಿಗೆ ಯೋಚನೆ.

"ಬಿಲ್ ಇಟ್ಕೊಳ್ಳಿ ಅಮ್ಮಾ, ಸಣ್ಣ ಆದ್ರೆ ಬದಲಾಯಿಸಿ ಕೊಡ್ತೀನಿ" ಅಂದರು ಅಂಗಡಿಯವರು.