ಒಂದು ಡಬ್ಬಿ ಹುರಿಹಿಟ್ಟು

ಹೋದ ತಿಂಗಳು ನಮ್ಮೂರಿನ ಹೊಸ ಅಂಗಡಿಯಲ್ಲಿ ಗಾಜಿನ ಭರಣಿಯೊಂದನ್ನು ಕಂಡೆ. ‘ಕೈಯಿಂದ ತಯಾರಿಸಿದ ಗ್ರನೋಲಾ’ ಎಂದು ಚೀಟಿ. ತಿರುಗಿಸಿ ಓದಿದರೆ ಹುರಿದ ಓಟ್ಸ್, ಜೇನುತುಪ್ಪ, ಬಾದಾಮಿ, ಒಣದ್ರಾಕ್ಷಿ. ಧಾನ್ಯ ಹುರಿದು ಸಿಹಿ ಬೆರೆಸಿದ್ದು ತಾನೇ, ನಮ್ಮ ಹುರಿಹಿಟ್ಟಿನ ದೂರದ ನೆಂಟ ಎಂದುಕೊಂಡು ನಗು ಬಂತು. ನಗುವಿನ ಹಿಂದೆಯೇ ಹಳೆಯ ನಾಚಿಕೆಯೊಂದೂ ಬಂತು.

1999ರ ಮಾತು. ನಾನು ಆಗಷ್ಟೇ ಹಳ್ಳಿಯ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದ್ದೆ. ಬಿಸಿಯೂಟ ಇನ್ನೂ ಬಂದಿರಲಿಲ್ಲ. ಮಕ್ಕಳು ಮನೆಯಿಂದಲೇ ಬುತ್ತಿ ತರುತ್ತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಸಣ್ಣ ಡಬ್ಬಿಯಲ್ಲಿ ರಾಗಿಯ ಹುರಿಹಿಟ್ಟು ತರುತ್ತಿದ್ದಳು. ಒಂದು ದಿನ ಅದು ಚೆಲ್ಲಿ ಪಕ್ಕದವಳ ಪುಸ್ತಕದ ಮೇಲೆಲ್ಲ ಹರಡಿತು. “ಇದೇನು ಧೂಳು! ನಾಳೆಯಿಂದ ಸರಿಯಾದ ತಿಂಡಿ ತಗೊಂಡು ಬಾ” ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ನನಗದು ಅಲ್ಲಿಗೇ ಮರೆತುಹೋಯಿತು.

ಮಾರನೆಯ ದಿನದಿಂದ ಅವಳು ಡಬ್ಬಿಯನ್ನೇ ತರಲಿಲ್ಲ. ಐದನೆಯ ದಿನ ಗಮನಿಸಿ ಕೇಳಿದೆ. “ಹಸಿವಿಲ್ಲ ಟೀಚರ್” ಎಂದಳು. ಆಮೇಲೆ ಅವಳ ಗೆಳತಿ ಮೆಲ್ಲಗೆ ಹೇಳಿದಳು: “ಅವರಮ್ಮ ಕೋಳಿ ಕೂಗೋ ಮುಂಚೆ ಕೂಲಿಗೆ ಹೋಗ್ತಾರೆ ಟೀಚರ್. ಬೆಳಿಗ್ಗೆ ಒಲೆ ಹಚ್ಚೋರಿಲ್ಲ.” ಹುರಿಹಿಟ್ಟಿಗೆ ಒಲೆ ಬೇಡ. ಒಮ್ಮೆ ಮಾಡಿಟ್ಟರೆ ವಾರಗಟ್ಟಲೆ ಬರುತ್ತದೆ.

ಇದು ನನಗೆ ಗೊತ್ತಿರಲಿಲ್ಲವೇ? ನಾನು ಬಿ.ಎ. ಓದುವಾಗ ಅಮ್ಮ ಹಾಸ್ಟೆಲ್ಲಿಗೆ ಕಟ್ಟಿಕೊಡುತ್ತಿದ್ದುದೂ ಅದನ್ನೇ. ಗೆಳತಿಯರು ಕಂಡಾರೆಂದು ಟ್ರಂಕಿನ ತಳದಲ್ಲಿ ಬಚ್ಚಿಟ್ಟು, ದೀಪ ಆರಿದ ಮೇಲೆ ತಿನ್ನುತ್ತಿದ್ದೆ. ಆ ಹುಡುಗಿ ಎಲ್ಲರೆದುರು ತಿನ್ನುವ ಧೈರ್ಯ ಮಾಡಿದ್ದಳು. ನಾನು ಅದನ್ನೂ ಕಸಿದುಕೊಂಡಿದ್ದೆ.

ಆ ಶನಿವಾರ ಹುರಿಹಿಟ್ಟು ಮಾಡಲು ಕೂತೆ. ತಿಂದು ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ತೊಳೆದ ರಾಗಿಯನ್ನು ನೇರ ಬಾಣಲೆಗೆ ಸುರಿದೆ. ಅರಳುವ ಬದಲು ಕರಕಲಾಯಿತು. ಮರುದಿನ ಬಸ್ಸು ಹತ್ತಿ ಅಮ್ಮನ ಬಳಿಗೇ ಹೋದೆ. ಅಮ್ಮ ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಆಮೇಲೆ ನೆರಳಲ್ಲಿ ಸ್ವಲ್ಪ ಆರಲು ಬಿಟ್ಟಳು. ಕಾಳಿನೊಳಗಿನ ಆ ಪಸೆಯೇ ಕಾವಿಗೆ ಆವಿಯಾಗಿ ಸಿಪ್ಪೆಯನ್ನು ಸಿಡಿಸುವುದು. ಪಸೆ ಹೆಚ್ಚಾದರೆ ಅರಳದು, ಕಡಿಮೆಯಾದರೆ ಸೀಯುತ್ತದೆ. ಬಾಣಲೆಯಲ್ಲಿ ಮರಳನ್ನು ಚೆನ್ನಾಗಿ ಕಾಯಿಸಿ ಒಂದೊಂದೇ ಹಿಡಿ ರಾಗಿ ಹಾಕಿದಳು. ಚಟಪಟ ಎಂದು ಕಂದು ಕಾಳು ಮಲ್ಲಿಗೆಯ ಮೊಗ್ಗಿನಂತೆ ಬಿರಿಯಿತು. ತಕ್ಷಣ ಜರಡಿಗೆ ಸುರಿದು ಮರಳು ಬೇರ್ಪಡಿಸಿ, ಆರಿದ ಮೇಲೆ ಬೀಸಿದಳು. ತಿನ್ನುವಾಗ ಬೆಲ್ಲ, ಕಾಯಿತುರಿ, ಒಂದಿಷ್ಟು ತುಪ್ಪ. ಇಲ್ಲದವರಿಗೆ ಮಜ್ಜಿಗೆಯೂ ಸಾಕು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ‘ಧೂಳು’ ಎಂದು ನಾನು ಕರೆದದ್ದು ಇದನ್ನು.

ಸೋಮವಾರ ಡಬ್ಬಿ ತೆಗೆದುಕೊಂಡು ಹೋಗಿ, ಊಟದ ಹೊತ್ತಿಗೆ ಮಕ್ಕಳ ನಡುವೆಯೇ ಕೂತು ತಿಂದೆ. ಅವಳಿಗೂ ಒಂದು ಉಂಡೆ ಕೊಟ್ಟೆ. ಒಂದು ಚೂರು ಬಾಯಿಗೆ ಹಾಕಿಕೊಂಡು, “ಬೆಲ್ಲ ಜಾಸ್ತಿಯಾಯ್ತು ಟೀಚರ್” ಎಂದಳು. ಮಕ್ಕಳು ನಕ್ಕರು. ಈ ಸಲ ನಗು ನನ್ನನ್ನು ನೋಡಿ. ಮಾರನೆಯ ದಿನ ಅವಳ ಡಬ್ಬಿ ಮತ್ತೆ ಬಂತು.

2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡಲು ಆರಂಭಿಸಿದಾಗ ನನಗೆ ಮೊದಲು ನೆನಪಾದವಳು ಅವಳೇ. ಆಕೆಗೆ ಈಗ ನಲವತ್ತರ ಹತ್ತಿರ.

ಅಂದಹಾಗೆ, ಆ ಗ್ರನೋಲಾ ಕೊಂಡು ತಂದೆ. ರುಚಿಯಾಗಿಯೇ ಇತ್ತು, ಯಾರದೋ ಶ್ರದ್ಧೆಯ ಕೈ ಅದನ್ನು ಹುರಿದಿತ್ತು. ತಿನ್ನುತ್ತಾ ಒಂದು ವಿಷಯ ಹೊಳೆಯಿತು: ಅಂದು ಡಬ್ಬಿ ಒಯ್ದೆ, ಜೊತೆಗೆ ಕೂತು ತಿಂದೆ, ಎಲ್ಲ ಮಾಡಿದೆ. “ತಪ್ಪಾಯ್ತಮ್ಮಾ” ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ಎಳೆಯ ಮಗುವಿಗೆ ಟೀಚರ್ ಹಾಗೆ ಹೇಳುವುದು ಸಲ್ಲದು ಎಂದುಕೊಂಡಿದ್ದೆ.