ಜಗಲಿಗೊಂದು ಬಣ್ಣದ ಹಾಸು

ಈ ಸಲ ಕೊಳೆರೋಗ, ಬೋರ್ಡೋ, ಅಡಿಕೆ ರೇಟು ಯಾವುದೂ ಇಲ್ಲ. ಕೊನೆ ಕೊಯ್ಲಿನ ಟೈಮಲ್ಲಿ ನಮ್ಮನೆಗೆ ಬಂದವರೆಲ್ಲ ಜಗಲಿ ಮೇಲಿನ ಹಾಸು ನೋಡಿ "ಇದನ್ನ ಎಲ್ಲಿ ತಗೊಂಡ್ರಿ ಮಾರಾಯ್ರೆ" ಅಂತ ಕೇಳ್ತಾ ಇದ್ರು. ತಗೊಂಡಿದ್ದಲ್ಲ, ಮಾಡಿದ್ದು. ಈಗ ಮಳೆ ಹಿಡಿದು ಕೂತಿದೆ, ತೋಟಕ್ಕೆ ಇಳಿಯೋ ಹಾಗಿಲ್ಲ. ಹಾಗಾಗಿ ಬರೀತಿದೀನಿ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ.

ನಮ್ಮ ಜಗಲಿಯದ್ದು ಹಳೇ ಕೆಂಪು ಸಿಮೆಂಟ್ ನೆಲ. ಡಿಸೆಂಬರ್‌ನಲ್ಲಿ ರಾತ್ರಿ ಹತ್ತು ಗಂಟೆ ತನಕ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯೋಕೆ ಕೂತವರಿಗೆ ಆ ನೆಲದ ಥಂಡಿ ಗೊತ್ತು. ಮೊದಲು ಗೋಣಿಚೀಲ ಹಾಸ್ತಿದ್ವಿ. ಆಮೇಲೆ ಪ್ಲಾಸ್ಟಿಕ್ ಚಾಪೆ ಬಂತು. ಎರಡು ವರ್ಷ ಬಿಸಿಲು ತಿಂದರೆ ಅದು ಪುಡಿಪುಡಿ. ಗುಡಿಸಿದ ಕಸದ ಜೊತೆ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟಕ್ಕೆ. ಅಡಿಕೆ ಬುಡ ಬಿಡಿಸುವಾಗ ಈಗಲೂ ನೀಲಿ ಎಳೆ ಸಿಗ್ತಾವೆ ನಂಗೆ.

ದಪ್ಪ ಬಟ್ಟೆಗೆ ಬಣ್ಣ ಹಚ್ಚಿ ನೆಲಕ್ಕೆ ಹಾಸೋದು ಹೊಸ ವಿಷಯ ಅಲ್ಲ. 1700ರ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಇದು ಬಳಕೆಯಲ್ಲಿತ್ತು. ಅಮೆರಿಕದ ಅಧ್ಯಕ್ಷ ಜೆಫರ್ಸನ್ ಊಟದ ಮನೆಯಲ್ಲೂ ಹಸಿರು ಬಣ್ಣ ಹಚ್ಚಿದ ಕ್ಯಾನ್ವಾಸ್ ಹಾಸಿದ್ರಂತೆ. ಆ ಬಣ್ಣಕ್ಕೆ ಹಾಕ್ತಿದ್ದದ್ದು ಅಗಸೆ ಎಣ್ಣೆ. ಹೌದು, ಬಯಲುಸೀಮೆಯವರು ರೊಟ್ಟಿಗೆ ಚಟ್ನಿಪುಡಿ ಮಾಡ್ಕೊಳ್ಳೋ ಅದೇ ಅಗಸೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಇಟ್ಟರೂ ಒಣಗಲ್ಲ. ಅಗಸೆ ಎಣ್ಣೆ ಗಾಳಿ ತಾಗಿದರೆ ಗಟ್ಟಿ ಪೊರೆ ಕಟ್ಟುತ್ತೆ. 1860ರ ದಶಕದಲ್ಲಿ ವಾಲ್ಟನ್ ಅನ್ನೋರು ಇದೇ ಗುಣ ಹಿಡಿದು ಲಿನೋಲಿಯಮ್ ತಂದರು. ಲಿನಮ್ ಅಂದ್ರೆ ಅಗಸೆ, ಓಲಿಯಮ್ ಅಂದ್ರೆ ಎಣ್ಣೆ. ಅದು ಬಂದಮೇಲೆ ಬಣ್ಣದ ಬಟ್ಟೆ ಮೂಲೆ ಸೇರ್ತು.

ನಾನು ಮೊದಲು ತಗೊಂಡಿದ್ದು ಲಾರಿಯ ಹಳೇ ಟಾರ್ಪಾಲು. ಪುಕ್ಕಟೆ ಸಿಕ್ತು ಅಂತ ಖುಷಿ. ಎರಡು ಸಲ ಬಣ್ಣ ಹೊಡೆದೆ, ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಂತು. ನೀರು ನಿಲ್ಲಬಾರದು ಅಂತ ಆ ಬಟ್ಟೆಗೆ ಮೇಣ ಕುಡಿಸಿರ್ತಾರೆ. ನೀರನ್ನೇ ಒಳಗೆ ಬಿಡದ ಬಟ್ಟೆ ಬಣ್ಣ ಹಿಡಿಯುತ್ತಾ?

ಎರಡನೇ ಸಲ ಹೊಸ ಕೋರಾ ಹತ್ತಿ ಕ್ಯಾನ್ವಾಸ್ ತಂದೆ. ಒದ್ದೆ ಆದರೆ ಅದು ಕುಗ್ಗುತ್ತೆ, ಹಾಗಾಗಿ ಮೊದಲೇ ಅಳತೆಗೆ ಕತ್ತರಿಸಬೇಡಿ. ಸುತ್ತ ಅರ್ಧ ಅಡಿ ಜಾಸ್ತಿ ಇಟ್ಟು, ಹಲಗೆಗೆ ಎಳೆದು ಮೊಳೆ ಹೊಡೆದು, ಎರಡೂ ಬದಿ ಪ್ರೈಮರ್ ಹಚ್ಚಿ. ಒಣಗಿದ ಮೇಲೆ ಅಳತೆ. ನಮ್ಮದು 4 ಅಡಿಗೆ 6 ಅಡಿ. ಅಂಚನ್ನ ಒಂದು ಇಂಚು ಹಿಂದಕ್ಕೆ ಮಡಚಿ ಅಂಟು ಹಾಕಿ, ಮೇಲೆ ಕಲ್ಲು ಹೇರಿಟ್ಟೆ. ಆಮೇಲೆ ಗೋಡೆಗೆ ಹೊಡೆದು ಉಳಿದಿದ್ದ ಹೊರಗೋಡೆ ಪೇಂಟು ಎರಡು ಕೋಟ್.

ಹಸೆ ಚಿತ್ತಾರಕ್ಕೆ ಹಾಕೋ ಹಾಗೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ ಬಳಸೋಣ ಅಂತ ಆಸೆ ಇತ್ತು. ಅದು ಗೋಡೆಗೆ ಸರಿ. ಕಾಲಡಿಗೆ ಬಿದ್ದರೆ ವಾರದಲ್ಲಿ ಉಜ್ಜಿ ಹೋಗುತ್ತೆ. ಈ ಪೇಂಟೂ ಒಂಥರಾ ಪ್ಲಾಸ್ಟಿಕ್ಕೇ, ಸುಳ್ಳು ಹೇಳಲ್ಲ. ಆದರೆ ಇದು ಎರಡೇ ವರ್ಷಕ್ಕೆ ಪುಡಿಯಾಗಿ ಗುಂಡಿ ಸೇರಲ್ಲ, ಸವೆದ ಕಡೆ ಮತ್ತೆ ಬಳಿದರೆ ಆಯ್ತು ಅನ್ನೋ ಲೆಕ್ಕ ನಂದು.

ಚಿತ್ರ ಬರೆದಿದ್ದು ಅಮ್ಮ.

ಅಮ್ಮನಿಗೆ ಈಗ 74. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕದೆ ಒಂದು ದಿನ ಕಾಫಿ ಕುಡಿದವಳಲ್ಲ. ಮೂರು ವರ್ಷದಿಂದ ಮಂಡಿ ನೋವು, ಕೂತರೆ ಏಳೋಕಾಗಲ್ಲ. ರಂಗೋಲಿ ಡಬ್ಬಿ ದೇವರ ಮನೆ ಕಿಟಕಿಯಲ್ಲಿ ಹಾಗೇ ಇತ್ತು. ನಮ್ಮನೆಯವಳು ಹಾಕಿದ್ದನ್ನ ಬಾಗಿಲಲ್ಲಿ ನಿಂತು ನೋಡೋಳು, ಏನೂ ಅನ್ನೋಳಲ್ಲ. ಬಟ್ಟೆಯನ್ನ ಮೇಜಿನ ಮೇಲೆ ಹಾಸಿ ಬಣ್ಣ ಹೊಡೀತಿದ್ದೆ. ಅಮ್ಮ ಬಂದು ಕುರ್ಚಿ ಎಳ್ಕೊಂಡು ಕೂತ್ಲು. "ಇಲ್ಲಿಗಾದ್ರೆ ಬಗ್ಗೋದು ಬೇಡ ಅಲ್ವಾ ಮಗಾ" ಅಂದ್ಲು. ನಂಗೆ ಆಗಲೇ ಹೊಳೆದಿದ್ದು.

ಹಿಟ್ಟಿನ ರಂಗೋಲಿ ತಪ್ಪಿದರೆ ಕೈಯಲ್ಲಿ ಒರೆಸಬಹುದು, ಪೇಂಟು ಒರೆಸೋಕಾಗಲ್ಲ ಅಂತ ಅವಳಿಗೆ ಹೆದರಿಕೆ. ಕೈ ಬೇರೆ ನಡುಗುತ್ತೆ. ಸೀಮೆಸುಣ್ಣ ಕೊಟ್ಟೆ. ನಡುಚುಕ್ಕಿ, 15ರಿಂದ 8. ಮೂರು ಮಧ್ಯಾಹ್ನ ಬರೆದಳು. ಆಮೇಲೆ ಸಣ್ಣ ಬ್ರಷ್ ಹಿಡಿದು ನಾಲ್ಕು ದಿನ. ಕೊಯ್ಲಿಗೆ ಬಂದ ಹೆಂಗಸರು ಅದರ ಮೇಲೆ ಕೂರೋಕೇ ಒಪ್ಪಲಿಲ್ಲ. "ಕೂತ್ಕಳ್ರೇ, ಕೂರೋಕೇ ಮಾಡಿದ್ದು" ಅಂತ ಅಮ್ಮನೇ ಕೂರಿಸಿದಳು. ಅಡಿಕೆ ಕರೆ ಬಿದ್ದರೂ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗ್ತಿತ್ತು.

ಈಗ ದೊಡ್ಡ ತಪ್ಪು. ಚೆಂದ ಕಾಣಲಿ ಅಂತ ನಾನು ಮೇಲೆ ಹೊಳಪಿನ ವಾರ್ನಿಶ್ ಮೂರು ಕೋಟ್ ಹೊಡೆದಿದ್ದೆ. ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿಮಳೆ ಬಂದು ಇರಚಲು ಹೊಡೀತು. ಅಮ್ಮ ಒಣಗಿದ ಬಟ್ಟೆ ತರೋಕೆ ಅಂತ ಓಡಿ ಬಂದಳು, ಕಾಲು ಜಾರ್ತು. ಕಂಬ ಕೈಗೆ ಸಿಕ್ಕಿದ್ದಕ್ಕೆ ಸೊಂಟ ಉಳೀತು. ಮೊಣಕೈ ಬಾತುಕೊಂಡು ಎಂಟು ದಿನ ತಟ್ಟೆ ಹಿಡಿಯೋಕಾಗಲಿಲ್ಲ. ಆ ರಾತ್ರಿ ನಂಗೆ ನಿದ್ದೆ ಇಲ್ಲ. ಬೆಳಿಗ್ಗೆ ಹಾಸನ್ನ ಸುತ್ತಿ ಕೊಟ್ಟಿಗೆ ಹಿಂದೆ ಎಸೆಯೋಕೆ ಹೊರಟೆ. ಅಮ್ಮ ಮಂಚದಿಂದಲೇ ಕೇಳಿದಳು, "ಹೊಳಪು ಹಚ್ಚಿದ್ದು ನೀನು, ಚಿತ್ರ ಬರೆದಿದ್ದು ನಾನು. ಚಿತ್ರ ಯಾಕೆ ಎಸೀತೀಯಾ?"

ಎಸೀಲಿಲ್ಲ. ಉಪ್ಪುಕಾಗದದಲ್ಲಿ ಹೊಳಪನ್ನ ಉಜ್ಜಿ ತೆಗೆದೆ. ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹಚ್ಚಿ, ಅದು ಹಸಿ ಇರುವಾಗಲೇ ಜರಡಿ ಹಿಡಿದ ನುಣ್ಣನೆ ಮರಳು ತೆಳ್ಳಗೆ ಉದುರಿಸಿದೆ. ಒಣಗಿದ ಮೇಲೆ ಸಡಿಲ ಮರಳು ಗುಡಿಸಿ ಮೇಲೆ ಇನ್ನೊಂದು ಕೋಟ್. ಅಡಿಗೆ ಹಾಸು ಸರಿಯದ ಹಾಗೆ ರಬ್ಬರ್ ಬಲೆ. ನೀರು ಚಿಮುಕಿಸಿ ಮೊದಲು ನಾನೇ ಹತ್ತು ಸಲ ನಡೆದು ನೋಡಿದೆ.

ಹಾಗಿದ್ದರೂ ಮಳೆಗಾಲಕ್ಕೆ ಇದು ಬೇಡ. ನಮ್ಮ ಮಳೆಗೆ ನೆಲವೇ ಬೆವರುತ್ತೆ, ಅಡಿಯಿಂದ ಬೂಸ್ಟು ಹಿಡಿದರೆ ಬಟ್ಟೆ ಕೊಳೆಯುತ್ತೆ. ಮೇ ಕೊನೆಗೇ ಎತ್ತಿಡಿ. ಮಡಚಬೇಡಿ, ಮಡಿಕೆಯಲ್ಲಿ ಬಣ್ಣ ಒಡೆಯುತ್ತೆ. ಚಿತ್ರ ಹೊರಗೆ ಬರೋ ಹಾಗೆ ದಪ್ಪ ಪೈಪಿಗೆ ಸುತ್ತಿ. ನಮ್ಮದು ಈಗ ಅಟ್ಟದಲ್ಲಿ, ಒಲೆ ಹೊಗೆ ತಾಗೋ ಕಡೆ ಇದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಹೊಳಪಿನ ವಾರ್ನಿಶ್ ಮುಟ್ಟಲೇಬೇಡಿ. ಇದೊಂದು ನೆನಪಿಟ್ಟುಕೊಂಡರೂ ನಾನು ಬರೆದಿದ್ದು ಸಾರ್ಥಕ.

ನಿನ್ನೆ ಕಾಫಿ ಕುಡೀತಾ ಅಮ್ಮ ಕೇಳಿದಳು, "ಕ್ಯಾನ್ವಾಸ್ ಇನ್ನೂ ಉಳಿದಿದೆಯಾ? ತುಳಸಿಕಟ್ಟೆ ಮುಂದೆ ಹಾಸೋಕೆ ಸಣ್ಣದೊಂದು ಬೇಕಿತ್ತು, ದೀಪಾವಳಿ ಹೊತ್ತಿಗೆ." ರಂಗೋಲಿ ಡಬ್ಬಿ ಕಿಟಕಿಯಲ್ಲೇ ಇದೆ. ಪಕ್ಕದಲ್ಲಿ ಸೀಮೆಸುಣ್ಣದ ತುಂಡು ಇದೆ ಈಗ.

ಮಳೆ ಬಿಟ್ಟಮೇಲೆ ಬನ್ನಿ, ತೋರಿಸ್ತೀನಿ. ಲಾರಿ ಟಾರ್ಪಾಲು ಮಾತ್ರ ತರಬೇಡಿ.