ಒತ್ತೆಯ ಊರು

ಪ್ರಳಯದ ನೀರನ್ನು ಶಿವ ಹಿಂದಕ್ಕೆ ಒತ್ತಿದ ಜಾಗವಾದ್ದರಿಂದ ತಿರುವೊಟ್ಟಿಯೂರಿಗೆ ಆ ಹೆಸರು ಬಂತು ಎಂದು ಅಲ್ಲಿನ ತ್ಯಾಗರಾಜಸ್ವಾಮಿ ದೇವಸ್ಥಾನದ ಸ್ಥಳಪುರಾಣ ಹೇಳುತ್ತದೆ. ತಮಿಳಿನ ‘ಒಟ್ರಿ’ಗೆ ಅಡಮಾನ ಎಂಬ ಅರ್ಥವೂ ಇದೆ. ನಮ್ಮ ‘ಒತ್ತೆ’ಯೂ ಅದೇ. ಪುತ್ತೂರು ಸೀಮೆಯಿಂದ ಬಂದು ನಲವತ್ತು ವರ್ಷ ಈ ಊರಲ್ಲಿ ಸಂಸಾರ ಮಾಡಿದ ಆ ಅಜ್ಜನಿಗೆ ಎರಡನೆಯ ಅರ್ಥವೇ ಸರಿ ಅನಿಸುತ್ತದೆ.

ಅವರು ದುಡಿದದ್ದು ಊರಿನ ಉತ್ತರಕ್ಕಿರುವ ಎಣ್ಣೂರು ಶಾಖೋತ್ಪನ್ನ ಸ್ಥಾವರದ ಟರ್ಬೈನ್ ವಿಭಾಗದಲ್ಲಿ. 1970ರಲ್ಲಿ ಶುರುವಾಗಿ ಐದು ಘಟಕಗಳಿಂದ 450 ಮೆಗಾವಾಟ್‌ವರೆಗೆ ಬೆಳೆದ ಆ ಸ್ಥಾವರ 2017ರ ಮಾರ್ಚ್ 31ಕ್ಕೆ ನಿಂತಿತು. ರಜೆಗೆ ಬಂದ ಮೊಮ್ಮಗನಿಗೆ ಅವರು ಹೇಳುವುದು ಇಷ್ಟೇ: “ಕಲ್ಲಿದ್ದಲು ಕರೆಂಟ್ ಕೊಡುವುದಿಲ್ಲ ಮಗಾ, ಬಿಸಿ ಕೊಡುತ್ತದೆ. ಬಿಸಿಗೆ ನೀರು ಆವಿಯಾಗುತ್ತದೆ, ಆವಿ ಚಕ್ರ ತಿರುಗಿಸುತ್ತದೆ. ಆಮೇಲೆ ಬೂದಿ ಉಳಿಯುತ್ತದೆ.” ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ. ಕರೆಂಟ್ ತಂತಿ ಹತ್ತಿ ರಾಜ್ಯವೆಲ್ಲ ಸುತ್ತಿತು. ಬೂದಿ ಮಾತ್ರ ಇಲ್ಲೇ ಕೂತಿತು. ಎಣ್ಣೂರು ಅಳಿವೆಯಲ್ಲಿ, ಕೊಸಸ್ಥಲೈ ನದಿಯ ತಳದಲ್ಲಿ ಹಾರುಬೂದಿ ತುಂಬಿದೆ ಎಂದು ಮೀನುಗಾರರು ವರ್ಷಗಳಿಂದ ದೂರುತ್ತಲೇ ಇದ್ದಾರೆ.

“ಬಿಸಿ ಮಾತ್ರ ಬೇಕಾದರೆ ನೆಲದೊಳಗಿನದ್ದೇ ಸಾಕಲ್ಲ ಅಜ್ಜ?” ಎಂದ ಹುಡುಗ.

ಅಜ್ಜನಿಗೆ ಇರ್ದೆಯ ಬೆಂದ್ರುತೀರ್ಥ ನೆನಪಾಯಿತು. ಸೀರೆ ಹೊಳೆಯ ದಡದಲ್ಲಿ, ಗಂಧಕದ ವಾಸನೆಯ ಆ ಉಗುರುಬೆಚ್ಚಗಿನ ನೀರಲ್ಲಿ ಚಿಕ್ಕಂದಿನಲ್ಲಿ ಮಿಂದದ್ದುಂಟು. ಆದರೆ ಅದರ ಬಿಸಿ ಸುಮಾರು 40 ಡಿಗ್ರಿ, ಚಕ್ರಕ್ಕೆ ಸಾಲದು. ಅಲಾಸ್ಕದ ಚೀನಾ ಎಂಬಲ್ಲಿ 74 ಡಿಗ್ರಿಯ ನೀರಿನಿಂದ ಬೇಗ ಕುದಿಯುವ ಇನ್ನೊಂದು ದ್ರವವನ್ನು ಆವಿ ಮಾಡಿ ವಿದ್ಯುತ್ ತೆಗೆಯುತ್ತಾರೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲೇ ನೆಲದ ಆವಿಯಿಂದ ಐದು ಬಲ್ಬು ಉರಿಸಿದ್ದರು.

ತಿರುವೊಟ್ಟಿಯೂರಿನ ನೆಲದಲ್ಲಿ? ಸಾಮಾನ್ಯವಾಗಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. 150 ಡಿಗ್ರಿ ಬೇಕೆಂದರೆ ನಾಲ್ಕೈದು ಕಿಲೋಮೀಟರ್ ಕೊರೆಯಬೇಕು. ಬಿಸಿ ಮೇಲೆಯೇ ಸಿಗುವುದು ಲಡಾಖಿನ ಪುಗಾ ಕಣಿವೆಯಂಥ ಕಡೆ. ದೇಶದ ಭೂಶಾಖದ ಸಾಮರ್ಥ್ಯ 10,600 ಮೆಗಾವಾಟ್ ಎಂಬ ಅಂದಾಜಿದೆ. 2021ರಲ್ಲಿ ಒಎನ್‌ಜಿಸಿ ಪುಗಾದಲ್ಲಿ ಒಂದು ಮೆಗಾವಾಟಿನ ಪ್ರಯೋಗಕ್ಕೆ ಒಪ್ಪಂದ ಮಾಡಿಕೊಂಡಿತು. 2022ರಲ್ಲಿ ಕೊರೆಯುವಾಗ ಬಾವಿಯ ನೀರು ಪಕ್ಕದ ತೊರೆಗೆ ಹರಿದು ಕೆಲಸ ನಿಲ್ಲಿಸಬೇಕಾಯಿತು.

“ಹಾಗಾದರೆ ಅದೂ ಕೊಳಕೇ,” ಹುಡುಗನಿಗೆ ಬೇಸರ.

ಅಜ್ಜ ತಲೆಯಾಡಿಸಿದರು. ಆಳದ ಬಿಸಿನೀರಿನಲ್ಲಿ ಲವಣ, ಬೋರಾನ್, ಕೆಲವು ಕಡೆ ಆರ್ಸೆನಿಕ್ ಇರುತ್ತದೆ. ಅದನ್ನು ಹೊಳೆಗೆ ಬಿಡಬಾರದು. ಶಾಖ ತೆಗೆದುಕೊಂಡ ಮೇಲೆ ಇನ್ನೊಂದು ಬಾವಿಯಿಂದ ನೆಲದೊಳಕ್ಕೇ ವಾಪಸ್ ಇಳಿಸಬೇಕು. ಚೆನ್ನಾಗಿ ಕಟ್ಟಿದ ಸ್ಥಾವರದಲ್ಲಿ ಆ ಎರಡನೆಯ ಬಾವಿಯೂ ಯಂತ್ರದ ಭಾಗವೇ. “ಒತ್ತೆಯಿಟ್ಟದ್ದನ್ನು ಬಿಡಿಸಿಕೊಳ್ಳುವ ದಾರಿ ಅಲ್ಲಿದೆ. ನಾವು ಸುಟ್ಟ ಬೂದಿಯನ್ನು ಯಾವ ಗಣಿಗೆ ವಾಪಸ್ ಹಾಕಿದೆವು?”

ಎಣ್ಣೂರಿನ ಹಳೆಯ ಸ್ಥಾವರದ ಜಾಗದಲ್ಲೇ ಈಗ 660 ಮೆಗಾವಾಟಿನ ಕಲ್ಲಿದ್ದಲು ಘಟಕದ ಯೋಜನೆಯಿದೆ. ಸುತ್ತಲಿನವರ ವಿರೋಧವೂ ಇದೆ. ಅದೇ ಕೆಲಸದಿಂದ ಮಕ್ಕಳನ್ನು ಓದಿಸಿದ ಅಜ್ಜನಿಗೆ ವಿರೋಧಿಸುವವರ ಜೊತೆ ನಿಲ್ಲಲು ಬಹಳ ಕಾಲ ಮುಜುಗರವಿತ್ತು.

“ಪುಗಾದ ಕರೆಂಟ್ ತಂತಿಯಲ್ಲಿ ಇಲ್ಲಿಗೂ ಬರಬಹುದಲ್ಲ?” ಎಂದ ಹುಡುಗ.

“ಬರಲಿ,” ಎಂದರು ಅಜ್ಜ. “ಆದರೆ ಎರಡನೆಯ ಬಾವಿ ಮೊದಲು ತೋಡಲಿ. ಆ ತೊರೆಯ ನೀರು ಕುಡಿಯುವವರನ್ನು ಅದಕ್ಕೂ ಮೊದಲು ಕೇಳಲಿ. ನಮ್ಮನ್ನು ಯಾರೂ ಕೇಳಿರಲಿಲ್ಲ.”